ಭಾನುವಾರದ ನಾಲ್ಕು ಡಿಗ್ರಿ

ಶರಣ್ಯ ಆ ರಾತ್ರಿ ಕ್ಲಿನಿಕ್ಕಿಗೆ ಬೀಗ ಹಾಕಿ ಹೊರಟಾಗ ಒಂಬತ್ತು ಗಂಟೆ ನಲವತ್ತು ನಿಮಿಷ. ಅಂದಾಜಿನ ಮಾತಲ್ಲ. ಬೀಗ ಹಾಕುತ್ತಲೇ ನನಗೆ ಫೋನ್ ಮಾಡಿ, "ಹೊರಟೆ ದೊಡ್ಡಮ್ಮ, ಸಾರು ಬಿಸಿಗಿಡಿ" ಅಂದಳು. ನಾನು ಡೈರಿಯಲ್ಲಿ ಬರೆದುಕೊಂಡೆ. 2024ರ ಜುಲೈ 23, ಮಂಗಳವಾರ. ಅಲ್ಲಿಂದ ಚಾಮರಾಜಪೇಟೆಯ ನಮ್ಮ ಮನೆಗೆ ನಡೆದರೆ ಹತ್ತು ನಿಮಿಷ. ಅವಳು ಬಾಗಿಲು ಬಡಿದಾಗ ಹತ್ತು ಇಪ್ಪತ್ತೈದು.

ಹತ್ತು ನಿಮಿಷದ ದಾರಿಗೆ ಮುಕ್ಕಾಲು ಗಂಟೆ.

ಇಂಥದ್ದನ್ನೆಲ್ಲ ರಾತ್ರಿ ಹೇಳಿದರೆ ಮಾತ್ರ ಜನ ನಂಬುತ್ತಾರೆ ಎಂದು ನನ್ನ ಸೊಸೆ ನಗುತ್ತಾಳೆ. ನಗಲಿ. ನಾನು ಎಪ್ಪತ್ತೈದನೇ ಇಸವಿಯಲ್ಲಿ ಬಿ.ಎಸ್ಸಿ. ಮುಗಿಸಿದವಳು, ಅದೂ ಕೆಮಿಸ್ಟ್ರಿಯಲ್ಲಿ. ದೆವ್ವ ಗಿವ್ವ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುವವಳು. ಆದರೂ ಇದನ್ನು ಬರೆಯಲೇಬೇಕು. ಇದರಲ್ಲಿ ನನ್ನ ತಪ್ಪಿದೆ.

ದಾರಿಯಲ್ಲಿ ಒಂದು ಹಳೇ ಬಾವಿ ಸಿಗುತ್ತದೆ. ಮೇಲೆ ಕಬ್ಬಿಣದ ಜಾಲರಿ ಹಾಕಿ ಎಷ್ಟೋ ವರ್ಷವಾಯಿತು. ಹಗಲು ಅದರ ಕಟ್ಟೆಯ ಮೇಲೆ ಹೂ ಮಾರುವವಳು ಕೂರುತ್ತಾಳೆ. ರಾತ್ರಿ ಯಾರೂ ಇರುವುದಿಲ್ಲ. ಅಲ್ಲಿಗೆ ಬರುವಾಗ ಶರಣ್ಯಳಿಗೆ ಸದ್ದು ಕೇಳಿತು.

ಟಿಕ್.

ಗಟ್ಟಿ ಸದ್ದಲ್ಲ. ಅಲ್ಯೂಮಿನಿಯಂ ಕೊಳವೆಯ ಮುಚ್ಚಳ ತೆಗೆದು ಮತ್ತೆ ಹಾಕಿದ ಹಾಗೆ. ಟಿಕ್... ಸ್ವಲ್ಪ ತಡೆದು... ಟಿಕ್.

ಅವಳು ಅಲ್ಲೇ ನಿಂತಳು. ಆ ಸದ್ದು ಅವಳಿಗೆ ಗೊತ್ತು. ಕ್ಲಿನಿಕ್ಕಿನಲ್ಲಿ ಅವಳಿಗಿಂತ ಮುಂಚೆ ಅದೇ ಕೆಲಸದಲ್ಲಿದ್ದ ನರಸಿಂಹಯ್ಯನವರು ಅಂಗಿ ಜೇಬಿನಲ್ಲಿ ಒಂದು ಗಾಜಿನ ಥರ್ಮಾಮೀಟರ್ ಇಟ್ಟುಕೊಳ್ಳುತ್ತಿದ್ದರು, ಅಲ್ಯೂಮಿನಿಯಂ ಕೊಳವೆಯಲ್ಲಿ. ಯೋಚನೆ ಮಾಡುವಾಗ ಅದರ ಮುಚ್ಚಳವನ್ನು ತೆಗೆದು ಹಾಕಿ ಮಾಡುವುದು ಅವರ ಅಭ್ಯಾಸ. ಅವಳಿಗೆ ಎರಡು ತಿಂಗಳು ಕೆಲಸ ಕಲಿಸಿ ಜನವರಿಯಲ್ಲಿ ನಿವೃತ್ತರಾದರು. ಶಿವರಾತ್ರಿಯ ವಾರದಲ್ಲಿ ತೀರಿಕೊಂಡರು. ಶರಣ್ಯಳೇ ಹನುಮಂತನಗರದ ಅವರ ಮನೆಗೆ ಹೋಗಿ, ಅವರ ಹೆಂಡತಿಯನ್ನು ಮಾತಾಡಿಸಿಕೊಂಡು ಬಂದಿದ್ದಳು.

ಬಾವಿಯ ಆ ಬದಿಯಿಂದ ಪಿಸುಮಾತು ಬಂತು.

"ಭಾನುವಾರ ಎಷ್ಟಿತ್ತಮ್ಮ?"

ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ಆ ಭಾನುವಾರದ್ದು ಹೇಳದಿದ್ದರೆ ಈ ಪ್ರಶ್ನೆ ನಿಮಗೆ ಅರ್ಥವಾಗುವುದಿಲ್ಲ.

ಶರಣ್ಯ ನನ್ನ ತಂಗಿಯ ಮಗಳು. ಡಿ. ಫಾರ್ಮ ಓದಿದ್ದಾಳೆ. ತಂಗಿ ದಾವಣಗೆರೆಯಲ್ಲಿದ್ದಾಳೆ, ಇವಳು ನನ್ನ ಮನೆಯಲ್ಲೇ ಇದ್ದುಕೊಂಡು ಒಂದು ಟ್ರಸ್ಟಿನ ಮಕ್ಕಳ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಾಳೆ. ಆ ಕೆಲಸ ಕೊಡಿಸಿದ್ದು ನಾನು. ಅಲ್ಲಿಯ ಮ್ಯಾನೇಜರ್ ನಾಗಭೂಷಣ್ ನಮ್ಮ ಯಜಮಾನರ ಕಡೆಯ ನೆಂಟ. "ನಮ್ಮ ಹುಡುಗಿ, ಲೆಕ್ಕಪತ್ರದಲ್ಲಿ ಒಂದು ಚುಕ್ಕೆ ತಪ್ಪೋಲ್ಲ" ಎಂದು ನಾನೇ ಹೊಗಳಿ ಸೇರಿಸಿದ್ದೆ. ಜುಲೈ ಕೊನೆಗೆ ಕೆಲಸ ಕಾಯಂ ಆಗುವುದರಲ್ಲಿತ್ತು.

ಮಕ್ಕಳ ಲಸಿಕೆ ಎರಡರಿಂದ ಎಂಟು ಡಿಗ್ರಿಯ ಒಳಗೆ ಇರಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಫ್ರಿಜ್ಜಿನ ಡಿಗ್ರಿ ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕು. ದಿನಕ್ಕೆ ಎರಡು ಚೌಕದ ಮನೆ ತುಂಬಬೇಕು. ಭಾನುವಾರ ಕ್ಲಿನಿಕ್ಕಿಗೆ ರಜ, ರಿಜಿಸ್ಟರಿಗೆ ರಜ ಇಲ್ಲ. ನರಸಿಂಹಯ್ಯನವರು ಇಪ್ಪತ್ತೊಂಬತ್ತು ವರ್ಷ ಪ್ರತಿ ಭಾನುವಾರ ಎರಡು ಹೊತ್ತೂ ಹನುಮಂತನಗರದಿಂದ ನಡೆದು ಬಂದು ನೋಡಿ ಬರೆದು ಹೋಗುತ್ತಿದ್ದರು. ಮಗಳ ಮದುವೆಯ ದಿನ ಧಾರೆಗೆ ಮುಂಚೆ ಬಂದು ಹೋದರಂತೆ, ರೇಷ್ಮೆ ಪಂಚೆಯಲ್ಲೇ.

ಅವರು ಹೋದ ಮೇಲೆ ಶರಣ್ಯ ಭಾನುವಾರದ ಮನೆಗಳನ್ನು ಖಾಲಿ ಬಿಟ್ಟಳು. ತಪಾಸಣೆಗೆ ಬಂದವರು ನಾಲ್ಕು ಭಾನುವಾರಕ್ಕೂ ಕೆಂಪು ಸುತ್ತು ಹಾಕಿದರು. ಹುಡುಗಿ ಅತ್ತುಕೊಂಡು ಮನೆಗೆ ಬಂದಳು.

ಈಗ ನನ್ನ ಸ್ವಭಾವ ಹೇಳಬೇಕು. ಎಪ್ಪತ್ತೆಂಟರಿಂದ ನಾನು ಒಂದು ದಿನದ ಮನೆಯನ್ನೂ ಖಾಲಿ ಬಿಟ್ಟವಳಲ್ಲ. ಹಾಲು ಎಷ್ಟು, ಗ್ಯಾಸ್ ಯಾವಾಗ ಬಂತು, ಯಾವ ನಾಮಕರಣಕ್ಕೆ ಯಾರು ಯಾವ ಬಣ್ಣದ ರವಿಕೆ ಕಣ ತಂದರು, ಎಲ್ಲ ಇದೆ. ಸೊಸೆ ನನ್ನನ್ನು ತಾಸಿಲ್ದಾರಮ್ಮ ಅನ್ನುತ್ತಾಳೆ. ಖಾಲಿ ಮನೆ ನೋಡಿದರೆ ನನಗೆ ತೊಳೆಯದ ಪಾತ್ರೆ ನೋಡಿದ ಹಾಗೆ ಆಗುತ್ತದೆ. "ಖಾಲಿ ಬಿಟ್ರೆ ಹೋಗೋದು ನಿನ್ನ ಮಾನ ಅಲ್ಲ ಕಣೇ, ನನ್ನ ಮಾನ. ತುಂಬು!" ಅಂದೆ.

ಹೋಗಿ ನೋಡಿ ತುಂಬು ಎಂದು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ.

ಅವಳು ತುಂಬಿದಳು. ಶನಿವಾರ ಸಂಜೆ ಹೊರಡುವಾಗಲೇ ಭಾನುವಾರದ ಎರಡೂ ಮನೆ. ನಾಲ್ಕು, ಐದು. ಒಮ್ಮೊಮ್ಮೆ ಐದು, ನಾಲ್ಕು. ಆಮೇಲಿನ ತಪಾಸಣೆಯಲ್ಲಿ ಶಹಬ್ಬಾಸ್ ಎಂದು ಬರೆದು ಹೋದರು. ನಾನು ಪಾಯಸ ಮಾಡಿದೆ.

ಜುಲೈ 21, ಭಾನುವಾರ. ಬೆಳಿಗ್ಗೆ ಆರು ಹತ್ತಕ್ಕೆ ನಮ್ಮ ರಸ್ತೆಯ ಟ್ರಾನ್ಸ್‌ಫಾರ್ಮರ್ ಢಮ್ ಎಂದಿತು. ಸುತ್ತ ನಾಲ್ಕು ಬೀದಿಗೆ ಕರೆಂಟಿಲ್ಲ. ಅವತ್ತು ನಾಗಭೂಷಣನನ್ನೂ ಅವನ ಮನೆಯವರನ್ನೂ ಊಟಕ್ಕೆ ಕರೆದಿದ್ದೆ. ಯಾಕೆ ಕರೆದಿದ್ದೆ ಎಂದು ಬೇರೆ ಹೇಳಬೇಕಾಗಿಲ್ಲ. ಹನ್ನೊಂದು ಗಂಟೆಗೆ ಶರಣ್ಯ ಚಪ್ಪಲಿ ಮೆಟ್ಟಿ ನಿಂತಳು.

"ದೊಡ್ಡಮ್ಮ, ಕ್ಲಿನಿಕ್ಕಿಗೂ ಇದೇ ಲೈನು. ಹೋಗಿ ಜನರೇಟರ್ ಹಾಕ್ಬಿಟ್ಟು ಬರ್ತೀನಿ."

"ಈಗ್ಲಾ? ಅವ್ರು ಬರೋ ಹೊತ್ತು! ಮಿಕ್ಸಿ ಬೇರೆ ಇಲ್ಲ. ಒರಳಲ್ಲಿ ಯಾರು ರುಬ್ತಾರೆ, ನಿನ್ನ ಫ್ರಿಜ್ಜಾ?"

"ಹತ್ತೇ ನಿಮಿಷ..."

"ಕರೆಂಟ್ ಈಗ್ ಬರುತ್ತೆ, ಬಾರೇ ಸಾಕು."

ಬಂದಳು. ರುಬ್ಬಿದಳು. ನಾಗಭೂಷಣ್ ಪೇಪರಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಎರಡು ಸಲ ಚಟ್ನಿ ಹಾಕಿಸಿಕೊಂಡ. "ಕೈರುಚಿ ಅಂದ್ರೆ ಇದು" ಅಂದ. ಶರಣ್ಯ ತಟ್ಟೆ ಮುಂದೆ ಕೂತು ಗಡಿಯಾರ ನೋಡುತ್ತಿದ್ದಳು. ಕರೆಂಟು ಬಂದದ್ದು ಸಂಜೆ ಏಳು ನಲವತ್ತಕ್ಕೆ.

ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನ ಫ್ರಿಜ್ಜು ಮತ್ತೆ ಐದು ಡಿಗ್ರಿ ತೋರಿಸುತ್ತಿತ್ತು. ಅದನ್ನು ನೋಡಿ ಯಾರಿಗೂ ಅನುಮಾನ ಬರಲಿಲ್ಲ. ಆ ಲಸಿಕೆ ನೋಡಲು ನೀರಿನ ಹಾಗೆ, ಕೆಟ್ಟರೂ ನೀರಿನ ಹಾಗೆಯೇ. ಸಂಜೆ ಶರಣ್ಯ ನನ್ನ ಮಂಚದ ತುದಿಯಲ್ಲಿ ಕೂತಳು.

"ಮಧ್ಯೆ ಎಷ್ಟಕ್ಕೆ ಏರಿತ್ತೋ ಗೊತ್ತಿಲ್ಲ ದೊಡ್ಡಮ್ಮ. ರಿಜಿಸ್ಟರ್‌ನಲ್ಲಿ ನಾಲ್ಕು ಐದು ಅಂತ ಮೊದ್ಲೇ ಬರ್ದಿದೀನಿ. ಇವತ್ತು ಮೂರು ಮಕ್ಕಳಿಗೆ ಹಾಕಿದ್ವಿ. ಬುಧವಾರ ನಲವತ್ತು ಮಕ್ಕಳು ಬರ್ತಾರೆ. ಹೇಳ್ಬಿಡ್ಲಾ?"

ಕೆಟ್ಟ ಲಸಿಕೆ ಮಗುವಿಗೆ ವಿಷವಲ್ಲ. ಅದರ ಮೋಸ ಇರುವುದೇ ಅಲ್ಲಿ. ಜ್ವರ ಬರುವುದಿಲ್ಲ, ಏನೂ ಆಗುವುದಿಲ್ಲ. ಕಾಪಾಡುವುದೂ ಇಲ್ಲ. ತಾಯಿ ಮಾತ್ರ ಮಗುವಿಗೆ ಇನ್ನು ಭಯವಿಲ್ಲ ಎಂದುಕೊಂಡು ಮನೆಗೆ ಹೋಗುತ್ತಾಳೆ. ಇದು ನನಗೆ ಗೊತ್ತಿರಲಿಲ್ಲ ಎಂದು ಹೇಳಲಾರೆ. ಚೆನ್ನಾಗಿ ಗೊತ್ತಿತ್ತು.

"ಹೇಳ್ಬೇಡ. ಮೊದ್ಲು ಕೇಳೋದೇ, ನೋಡ್ದೆ ಹೇಗೆ ಬರ್ದೆ ಅಂತ. ಬಾಗಿಲು ತೆಗೀದಿದ್ರೆ ಫ್ರಿಜ್ ತಣ್ಣಗೇ ಇರುತ್ತೆ ಕಣೇ. ಕಾಯಂ ಆಗೋವರೆಗೆ ಬಾಯಿ ಮುಚ್ಕೊಂಡಿರು" ಅಂದೆ.

ಅವತ್ತು ರಾತ್ರಿ ಡೈರಿಯಲ್ಲಿ ಹೀಗೆ ಬರೆದಿದ್ದೇನೆ: "ಶರಣ್ಯಳಿಗೆ ಧೈರ್ಯ ಹೇಳಿದೆ."

ಮಂಗಳವಾರ ಇನ್ನೆರಡು ಮಕ್ಕಳಿಗೆ ಅದನ್ನೇ ಹಾಕಿದರು. ಮರುದಿನದ ನಲವತ್ತು ಮಕ್ಕಳಿಗೆ ಎಲ್ಲ ಎಣಿಸಿ ಜೋಡಿಸಿಟ್ಟು ಹೊರಡುವ ಹೊತ್ತಿಗೆ ರಾತ್ರಿಯಾಗಿತ್ತು. ಹಾಗೆ ಅವಳು ಆ ಬಾವಿಯ ಹತ್ತಿರ ಬಂದದ್ದು.

"ಭಾನುವಾರ ಎಷ್ಟಿತ್ತಮ್ಮ?"

ಅವಳ ಬಾಯಿಂದ ತಾನಾಗಿ ಬಂತಂತೆ. "ನಾಲ್ಕು ಸರ್."

ಟಿಕ್.

"ನೋಡಿದ್ಯಾ?"

ಜಾಲರಿಯ ಕೆಳಗೆ ಎಲ್ಲೋ ಒಂದು ಹನಿ ನೀರಿಗೆ ಬಿತ್ತು... ತೊಟಕ್.

"ನಾಲ್ಕು ಅಂತ ಬರ್ಕೊಳ್ಲಾ?"

ಗದರಿಕೆ ಇಲ್ಲ, ಬೈಗುಳ ಇಲ್ಲ. ಬದುಕಿದ್ದಾಗಲೂ ಅವರು ಯಾರನ್ನೂ ಗದರಿದವರಲ್ಲ. ಬರೆದುಕೊಳ್ಳಲೇ ಎಂದು ಕೇಳಿ, ಉತ್ತರ ಬರುವವರೆಗೆ ಕಾಯುತ್ತಿದ್ದರಂತೆ. ಈಗಲೂ ಹಾಗೇ ಕಾದರು. ಶರಣ್ಯ ಓಡಿದಳು. ತಿರುವು ದಾಟಿದಳು. ತಿರುವಿನ ಆಚೆ ಕಿರಾಣಿ ಅಂಗಡಿ ಸಿಗಬೇಕು. ಅಂಗಡಿ ಸಿಗಲಿಲ್ಲ. ಬಾವಿ ಸಿಕ್ಕಿತು. ಅದೇ ಕಟ್ಟೆ, ಅದೇ ಜಾಲರಿ. ಹಿಂದಿನಿಂದ ಟೈರ್ ಚಪ್ಪಲಿಯ ಸದ್ದು. ಸರ್ರ್... ಟಪ್. ಸರ್ರ್... ಟಪ್. ಅವಸರವಿಲ್ಲದ ನಡಿಗೆ.

"ನಾಲ್ಕು ಅಂತ ಬರ್ಕೊಳ್ಲಾಮ್ಮ?"

"ಹೂಂ ಅನ್ನೋಕೂ ಆಗ್ಲಿಲ್ಲ ದೊಡ್ಡಮ್ಮ, ಬೇಡ ಅನ್ನೋಕೂ ಆಗ್ಲಿಲ್ಲ" ಎಂದು ಆಮೇಲೆ ಹೇಳಿದಳು. ಮತ್ತೆ ಓಡಿದಳು. ಮತ್ತೆ ತಿರುವು, ಮತ್ತೆ ಬಾವಿ. ಮೂರನೇ ಸಲ ಕಟ್ಟೆಯನ್ನು ಹಿಡಿದುಕೊಂಡು ನಿಂತುಬಿಟ್ಟಳು.

"ಗೊತ್ತಿಲ್ಲ ಸರ್... ನಾನ್ ನೋಡ್ಲಿಲ್ಲ."

ಆಮೇಲೆ ಟಿಕ್. ತಲೆ ಎತ್ತಿದರೆ ಎದುರಿಗೆ ಕಿರಾಣಿ ಅಂಗಡಿಯ ಷಟರು.

ಮನೆಗೆ ಬಂದು ನನಗೆ ಇದಿಷ್ಟನ್ನೂ ಹೇಳಿದಾಗ ನಾನು ಏನು ಮಾಡಿದೆ? ಅನ್ನ ಬಡಿಸಿದೆ. "ಹೊಟ್ಟೆಗಿಲ್ದೆ ತಲೆ ತಿರುಗಿದೆ, ತಿನ್ನು" ಅಂದೆ.

"ನಾಳೆ ಬೆಳಿಗ್ಗೆ ಹೇಳ್ಬಿಡ್ತೀನಿ ದೊಡ್ಡಮ್ಮ."

"ಹೇಳ್ಬೇಡ ಅಂದ್ನಲ್ಲ. ಇನ್ನೊಂದು ವಾರ ತಡಿ."

ಎರಡು ದಿನ, ಎರಡು ಸಲ ಹೇಳಬೇಡ ಅಂದೆ. ನಾಲ್ಕು ಗೋಡೆಯ ಒಳಗೆ, ಅವಳ ಹತ್ತಿರ ಮಾತ್ರ.

ಅವಳು ನನ್ನ ಪಕ್ಕದಲ್ಲೇ ಮಲಗಿದಳು, ನನ್ನ ಸೆರಗು ಹಿಡಿದುಕೊಂಡು. ಸೊಸೆ, ಮಗ ಮಹಡಿಯ ಮೇಲೆ. ಎರಡು ಗಂಟೆ ಹದಿನೈದು ನಿಮಿಷಕ್ಕೆ ನನಗೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ನಮ್ಮ ಫ್ರಿಜ್ಜು ಗುಂಯ್ ಅನ್ನುತ್ತಿದ್ದದ್ದು ನಿಂತಿತು. ಆಮೇಲೆ ಅದರ ಬಾಗಿಲಿನ ರಬ್ಬರು ಬಿಟ್ಟುಕೊಂಡ ಸದ್ದು... ಪ್ಚ್. ನಡುಮನೆಯ ನೆಲದ ಮೇಲೆ ಹಳದಿ ಬೆಳಕು ಬಿತ್ತು.

"ನೀರು ಬೇಕೇನೇ?" ಎಂದೆ, ಶರಣ್ಯ ಎಂದುಕೊಂಡು.

ಏಳಹೋದರೆ ಸೆರಗು ಎಳೆಯಿತು. ಶರಣ್ಯ ನನ್ನ ಪಕ್ಕದಲ್ಲೇ ಇದ್ದಳು. ನಿದ್ದೆ ಮಾಡುತ್ತಿದ್ದಳು.

ಅಡುಗೆಮನೆಯಿಂದ, ತುಂಬ ಮೆಲ್ಲಗೆ:

"ಅಮ್ಮಾ... ನಿಮ್ಮ ಡೈರಿಲಿ ಭಾನುವಾರ ಏನ್ ಬರ್ದಿದೀರಿ?"

ನಾನು ನರಸಿಂಹಯ್ಯನವರ ದನಿಯನ್ನು ಅದಕ್ಕೆ ಮುಂಚೆ ಕೇಳಿದವಳಲ್ಲ. ಹಾಗಾಗಿ ಅವರೇ ಎಂದು ಆಣೆ ಮಾಡಲಾರೆ. ಪ್ರಶ್ನೆ ಕೇಳಿದ್ದಂತೂ ನಿಜ. ನಾನು ಏನು ಬರೆದಿದ್ದೆ ಎಂದು ಡೈರಿ ತೆಗೆದು ನೋಡಬೇಕಾಗಿರಲಿಲ್ಲ. "ಬೆ. 6:10ರಿಂದ ಸಂಜೆ 7:40, ಕರೆಂಟಿಲ್ಲ. ಫ್ರಿಜ್ಜಿನಲ್ಲಿಟ್ಟ ಎರಡು ಪ್ಯಾಕೆಟ್ ಹಾಲೂ ಒಡೆಯಿತು."

ಬಾಗಿಲು ತೆಗೆಯದಿದ್ದರೆ ತಣ್ಣಗಿರುತ್ತದೆ ಎಂದು ಹುಡುಗಿಗೆ ಹೇಳಿದ್ದೆ. ನನ್ನದೇ ಫ್ರಿಜ್ಜಿನಲ್ಲಿ ಹಾಲು ಒಡೆದದ್ದನ್ನು ನನ್ನ ಕೈಯಾರೆ ಬರೆದಿಟ್ಟ ಮೇಲೆ.

"ಹಾಲು ಒಡೀತು ಅಂತ" ಎಂದೆ, ಕತ್ತಲಿಗೆ.

ಬಾಗಿಲು ಮುಚ್ಚಿತು. ಪ್ಚ್. ಫ್ರಿಜ್ಜು ಮತ್ತೆ ಗುಂಯ್ ಎಂದು ಶುರುವಾಯಿತು.

ಐದು ಗಂಟೆಗೆ ಶರಣ್ಯಳನ್ನು ಎಬ್ಬಿಸಿದೆ. "ಏಳೇ. ಹೇಳ್ಬಿಡು. ನಾನೂ ಬರ್ತೀನಿ."

ಎಂಟೂವರೆಗೆ ಕ್ಲಿನಿಕ್ಕಿನ ಬೆಂಚುಗಳೆಲ್ಲ ತುಂಬಿದ್ದವು. ಟೋಕನ್ ಹಿಡಿದ ತಾಯಂದಿರು, ಅಳುವ ಮಕ್ಕಳು. ನಾಗಭೂಷಣ್ ಶರಣ್ಯ ಹೇಳಿದ್ದನ್ನೆಲ್ಲ ನಿಂತೇ ಕೇಳಿದ. ಆಮೇಲೆ ಕೋಣೆಯ ಬಾಗಿಲು ಹಾಕಿದ.

"ಅಕ್ಕ, ಹೊರಗೆ ನಲವತ್ತು ಜನ ಕೂತಿದಾರೆ. ಇವತ್ತು ಹಾಕ್ಬಿಡೋಣ, ಸಂಜೆ ಕೂತು ಮಾತಾಡೋಣ."

"ಸಂಜೆ ಮಾತಾಡಿದ್ರೆ ಹಾಕಿದ್ದನ್ನ ವಾಪಸ್ ತೆಗೆಯೋಕಾಗುತ್ತಾ ಸರ್?" ಎಂದಳು ಶರಣ್ಯ.

ಅವನು ನನ್ನ ಮುಖ ನೋಡಿದ. ನಾನು ಹಾಲಿನ ವಿಷಯ ಹೇಳಿದೆ.

"ನಾನೂ ಅವತ್ತು ನಿಮ್ಮನೇಲೇ ಇದ್ನಲ್ಲ ಅಕ್ಕ, ಸೆಖೆ ಸೆಖೆ ಅಂತ. ನಂಗೂ ಹೊಳೀಲಿಲ್ಲ ನೋಡಿ" ಎಂದು ಕುರ್ಚಿ ಎಳೆದು ಕೂತ.

ಫ್ರಿಜ್ಜಿಗೆ 'ಬಳಸಬಾರದು' ಎಂದು ಚೀಟಿ ಅಂಟಿಸಿದರು. ರಿಜಿಸ್ಟರಿನಲ್ಲಿ ಶರಣ್ಯ ಭಾನುವಾರದ ಎರಡೂ ಮನೆ ಹೊಡೆದುಹಾಕಿ, 'ನೋಡಿಲ್ಲ' ಎಂದು ಬರೆದು ಸಹಿ ಮಾಡಿದಳು. ಹಿಂದಿನ ಭಾನುವಾರಗಳಿಗೂ ಹಾಗೇ ಮಾಡಿದಳು. ಪುಟದ ತುಂಬ ಕಾಟು. ಅವಳ ಕೆಲಸ ಕಾಯಂ ಆಗುವುದು ಆರು ತಿಂಗಳು ಮುಂದೆ ಹೋಯಿತು, ಮೆಮೊ ಬಂತು. ಅದು ಸರಿಯೇ.

ಹೊರಗೆ ಹೋಗಿ ತಾಯಂದಿರಿಗೆ ಹೇಳಿದಾಗ ಒಬ್ಬಳು ಎದ್ದು ನಿಂತಳು. "ಎರಡು ಬಸ್ ಹತ್ತಿ ಬಂದಿದೀವಿ ರೀ. ಮೂರು ದಿನ ಆದ್ಮೇಲೆ ಫ್ರಿಜ್ ಕೆಟ್ಟಿತ್ತು ಅಂತೀರಾ? ನಿಮ್ಮನೆ ಫ್ರಿಜ್ ಆಗಿದ್ರೆ ಅವತ್ತೇ ನೋಡ್ತಿದ್ರಿ."

ನೋಡಿದ್ದೆ. ನಾನು ತಲೆ ತಗ್ಗಿಸಿದೆ.

ಇನ್ನು ಸೋಮವಾರ, ಮಂಗಳವಾರ ಹಾಕಿಸಿಕೊಂಡು ಹೋಗಿದ್ದ ಐದು ಮಕ್ಕಳು. ಹೊಸ ಲಸಿಕೆ ತರಿಸಿ ಮತ್ತೆ ಹಾಕಬೇಕು ಎಂದರು ಡಾಕ್ಟರು. ನಾಲ್ಕು ಮನೆಗೆ ಫೋನ್ ಸಿಕ್ಕಿತು, ಬಂದರು, ಬೈದರು, ಹಾಕಿಸಿಕೊಂಡು ಹೋದರು. ಐದನೆಯದು ಮೂರು ತಿಂಗಳ ಹೆಣ್ಣುಮಗು. ಕರೆತಂದಿದ್ದವಳು ಅಜ್ಜಿ, ಮುನಿಯಮ್ಮ, ತರಗುಪೇಟೆಯಲ್ಲಿ ಬೇಳೆಕಾಳು ಕೇರುವ ಕೆಲಸದವಳು. ಕೊಟ್ಟ ನಂಬರು ಸ್ವಿಚ್ ಆಫ್. ಕಾರ್ಡಿನಲ್ಲಿದ್ದದ್ದು ಓಕಳಿಪುರಂ ವಿಳಾಸ. ನಾನೂ ಶರಣ್ಯಳೂ ಆಟೋ ಮಾಡಿಕೊಂಡು ಹೋದೆವು. ಬೀಗ. ಪಕ್ಕದವರು "ಖಾಲಿ ಮಾಡ್ಕೊಂಡು ಹೋದ್ರು, ಎಲ್ಲಿಗೋ ಗೊತ್ತಿಲ್ಲ" ಅಂದರು. ರೈಲು ಹೋಯಿತು, ಅವರ ಮುಂದಿನ ಮಾತು ಕೇಳಿಸಲಿಲ್ಲ. ತರಗುಪೇಟೆಯ ಮಂಡಿಗಳಲ್ಲಿ ಒಂದೊಂದಾಗಿ ಕೇಳಿದೆವು. ಒಬ್ಬ ಸಾಹುಕಾರ "ಇಂಥ ಮುನಿಯಮ್ಮಂದಿರು ಇಲ್ಲಿ ಹತ್ತು ಜನ ಇದಾರೆ ತಾಯಿ, ಯಾರು ಬೇಕು?" ಅಂದ. ಹತ್ತು ಜನರನ್ನೂ ನೋಡಿದೆವು. ಅವಳಲ್ಲ.

ಎಲ್ಲೋ ಒಂದು ಮನೆಯಲ್ಲಿ ಆ ಕೂಸು ಮಲಗಿದೆ, ಅದರ ಕೆಮ್ಮು ಕೇಳಿ "ಸೂಜಿ ಹಾಕ್ಸಿದೀವಲ್ಲ, ಏನಾಗೋಲ್ಲ" ಎಂದು ಯಾರೋ ಮಗ್ಗುಲು ಬದಲಾಯಿಸುತ್ತಿದ್ದಾರೆ ಎಂದು ನನಗೆ ಅನಿಸುತ್ತಿತ್ತು. ಹತ್ತು ಹನ್ನೆರಡು ರಾತ್ರಿ ನನಗೆ ನಿದ್ದೆ ಇಲ್ಲ. ಯಾವ ಸದ್ದೂ ಬರಲಿಲ್ಲ. ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ವಾಸಿಯಿತ್ತು.

ಆಗಸ್ಟ್ 5, ಸೋಮವಾರ. ಶರಣ್ಯ ಮರೆತು ಹೋಗಿದ್ದ ಊಟದ ಡಬ್ಬಿ ಕೊಡಲು ಕ್ಲಿನಿಕ್ಕಿಗೆ ಹೋಗಿದ್ದೆ. ಹನ್ನೆರಡು ಐದಕ್ಕೆ ಮುನಿಯಮ್ಮ ಮಗುವನ್ನು ಸೊಂಟಕ್ಕೆ ಒತ್ತಿಕೊಂಡು ಒಳಗೆ ಬಂದಳು.

"ಸೂಜಿ ಇನ್ನೊಂದ್ಸಲ ಹಾಕ್ಬೇಕಂತಲ್ಲ, ಹಾಕ್ರವ್ವ."

ಶರಣ್ಯ ಪೆನ್ನು ಕೆಳಗಿಟ್ಟಳು. "ಯಾರ್ ಹೇಳಿದ್ರು ಅಜ್ಜಿ?"

"ನಿಮ್ಮೋರೇ ಬಂದಿದ್ರಲ್ಲ, ವಯಸ್ಸಾದೋರು. ನೆನ್ನೆ. ಭಾನ್ವಾರನೂ ಬಿಡ್ದೆ ಕೆಲ್ಸ ಮಾಡ್ತಾರಲ್ಲ ಪಾಪ. ನಾವು ಕೆಂಗೇರಿ ಆಚೆಗೆ ಹೋಗಿ ಎರಡು ವಾರ ಆಯ್ತು, ಎಂಗ್ ಹುಡುಕಿದ್ರೋ. ಒಳಕ್ ಬನ್ನಿ ಅಂದ್ರೆ ಬರ್ಲಿಲ್ಲ. ಬಾಗ್ಲಲ್ಲೇ ನಿಂತು ಮೆಲ್ಲಗೆ ಹೇಳ್ಬುಟ್ಟು ಹೋದ್ರು."

ಕ್ಲಿನಿಕ್ಕಿನಿಂದ ಯಾರೂ ಹೋಗಿರಲಿಲ್ಲ. ಕಳಿಸಲು ಯಾರ ಹತ್ತಿರವೂ ವಿಳಾಸವೇ ಇರಲಿಲ್ಲ. ಅವತ್ತೇ ನಾಗಭೂಷಣನನ್ನು ಕೇಳಿ ಖಚಿತ ಮಾಡಿಕೊಂಡೆ.

ಶರಣ್ಯ ಫ್ರಿಜ್ಜಿನ ಡಿಗ್ರಿ ನೋಡಿದಳು, ಜೋರಾಗಿ ಓದಿದಳು, ಬರೆದಳು. ಡಾಕ್ಟರು ಸೂಜಿ ಹಾಕಿದರು. ಮಗು ಕಿರುಚಿತು. ಮುನಿಯಮ್ಮ ಅದನ್ನು ಎದೆಗೆ ಹಾಕಿಕೊಂಡು ತಟ್ಟುತ್ತಾ ಬಾಗಿಲವರೆಗೆ ಹೋದಳು. ಅಲ್ಲಿ ನಿಂತು, ತಿರುಗಿ, ನನ್ನನ್ನೇ ನೋಡಿದಳು. ನಾವಿಬ್ಬರೂ ಅವತ್ತಿನವರೆಗೆ ಒಬ್ಬರನ್ನೊಬ್ಬರು ನೋಡಿದವರಲ್ಲ. ನನ್ನ ಹೆಸರೂ ಅವಳಿಗೆ ಯಾರೂ ಹೇಳಿರಲಿಲ್ಲ.

"ಎರಡ್ಸಲ ಹೇಳ್ಬೇಡ ಅಂದೋರು ನೀವೇ ಏನವ್ವ?"

ಶರಣ್ಯ ಯಾರಿಗೂ ಹೇಳಿಲ್ಲ. ಲಿಂಗ ಮುಟ್ಟಿ ಹೇಳಿದ್ದಾಳೆ. ನಾನಂತೂ ಅವತ್ತಿನವರೆಗೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ, ನಾನು ಹಾಗೆ ಅಂದದ್ದು ನನ್ನ ಸೊಸೆಗೂ ಇದನ್ನು ಓದಿದ ಮೇಲೆಯೇ ಗೊತ್ತಾಗಬೇಕು.

"ಹೂಂ, ನಾನೇ" ಅಂದೆ.

ಅವಳು ತಲೆಯಾಡಿಸಿದಳು. ಮಗುವಿನ ತಲೆಗೆ ಸೆರಗು ಹೊದಿಸಿ ಬಿಸಿಲಿಗೆ ಇಳಿದಳು. ಇದು ನಡೆದದ್ದು ಹಗಲು. ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ.